ಪಾಸ್‌ಬುಕ್‌ನಲ್ಲಿ 9 ಲಕ್ಷ, ಅದರಲ್ಲಿ ಸಂಘದ್ದೆಷ್ಟು?

ಮಾರ್ಚ್ 31ಕ್ಕೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ 9,40,000 ರೂಪಾಯಿ ಕಂಡರೆ ಯಾವ ಸಣ್ಣ ಸಂಘದ ಖಜಾಂಚಿಗಾದರೂ ಸಮಾಧಾನವೇ. ತಿಂಗಳ ಖರ್ಚು 45,000 ಇರುವ ಕಡೆ ಅದು ಇಪ್ಪತ್ತು ತಿಂಗಳು ದಾಟಿಸುವ ದುಡ್ಡು. ಸಮಿತಿ ಸಭೆಯಲ್ಲಿ ಒಬ್ಬರು ಸೈಟ್ ತಗೊಳ್ಳೋಣ ಅನ್ನುತ್ತಾರೆ, ಇನ್ನೊಬ್ಬರು ಭವನಕ್ಕೆ ಪಾಯ ಹಾಕೋಣ ಅನ್ನುತ್ತಾರೆ. ಆ ಮೊತ್ತದಲ್ಲಿ ಸಂಘ ಸ್ವಂತ ತೀರ್ಮಾನದಿಂದ ಮುಟ್ಟಬಹುದಾದ ಹಣ ಮೂರು ತಿಂಗಳಿಗೂ ಸಾಲದು ಎಂಬುದು ಮಾತ್ರ ಪಾಸ್‌ಬುಕ್‌ನಲ್ಲಿ ಬರೆದಿರುವುದಿಲ್ಲ.

ಉದಾಹರಣೆಗೆ ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಒಂದು ಸಂಘವಿದೆ ಎಂದುಕೊಳ್ಳಿ. ಲೆಕ್ಕ ತೋರಿಸಲಿಕ್ಕೆಂದೇ ಕಲ್ಪಿಸಿಕೊಂಡದ್ದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾಗಿದೆ. ಮಕ್ಕಳಿಗೆ ಸಂಜೆ ಪಾಠ, ಹೆಣ್ಣುಮಕ್ಕಳಿಗೆ ಟೈಲರಿಂಗ್ ತರಬೇತಿ, ಊರಿಗೆ ಒಂದು ಶುದ್ಧ ಕುಡಿಯುವ ನೀರಿನ ಘಟಕ, ಇವಿಷ್ಟು ಕೆಲಸ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಇಂಥ ಘಟಕ ಯಾರಿಗೂ ಹೊಸತಲ್ಲ.

ಆ 9,40,000ವನ್ನು ಬಿಡಿಸೋಣ. ಟೈಲರಿಂಗ್‌ಗೆಂದೇ ಕಂಪನಿಯೊಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಲೆಕ್ಕದಲ್ಲಿ ಕೊಟ್ಟು ಇನ್ನೂ ಖರ್ಚಾಗದೆ ಉಳಿದದ್ದು 3,20,000. ಅದರಲ್ಲಿ ನೀರಿನ ಘಟಕದ ಮೋಟಾರ್ ರಿಪೇರಿ ಮಾಡಿಸುವಂತಿಲ್ಲ. ದಾನಿಗಳು ಮೂಲಧನವಾಗಿಯೇ ಇಡಿ ಎಂದು ಬರೆದುಕೊಟ್ಟದ್ದು 2,00,000. ನೀರಿನ ಕಾರ್ಡಿಗೆ ಜನ ಮುಂಗಡ ತುಂಬಿಸಿದ್ದು 45,000, ಅಂದರೆ ಅಷ್ಟು ನೀರು ಕೊಡುವ ಸಾಲ ಸಂಘದ ಮೇಲಿದೆ. ಮುಂದಿನ ಕೋಣೆಯನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ತೆಗೆದುಕೊಂಡ ಅಡ್ವಾನ್ಸ್ 60,000, ಅಂಗಡಿಯವರು ಖಾಲಿ ಮಾಡುವ ದಿನ ವಾಪಸ್ ಕೊಡಬೇಕಾದದ್ದು. ಕೊಡಬೇಕಾಗಿರುವ ಬಾಕಿಗಳು 72,000: ಮಾರ್ಚ್ ಸಂಬಳ 26,000, ಎರಡು ತಿಂಗಳ ಕರೆಂಟ್ ಬಿಲ್ 14,000, ಆಡಿಟ್ ಶುಲ್ಕ 20,000, ಪೈಪು ಮೋಟಾರು ರಿಪೇರಿಯವನಿಗೆ 12,000. ಘಟಕದ ಬಿಡಿಭಾಗ ಬದಲಿಸಲು ಎತ್ತಿಟ್ಟದ್ದು 1,10,000. ಎಲ್ಲ ಕೂಡಿದರೆ 8,07,000. ಕಳೆದರೆ ಉಳಿಯುವುದು 1,33,000.

ಮೀಸಲು ನಿಧಿ ಅಂದರೆ ಆ ಕೊನೆಯ ಸಾಲು. ಮಿಕ್ಕದ್ದೆಲ್ಲ ಸಂಘದ ಹೆಸರಿನಲ್ಲಿ ಇದ್ದರೂ ಬೇರೆಯವರ ಮಾತಿಗೋ ಬೇರೆ ಕೆಲಸಕ್ಕೋ ಕಟ್ಟುಬಿದ್ದ ಹಣ. ಈ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಂದೇ ಹಾಳೆಯಲ್ಲಿ ಬರೆದು ಸಮಿತಿ ಮುಂದಿಟ್ಟರೆ ಭವನದ ಪಾಯದ ಮಾತು ತಾನಾಗಿ ಕಡಿಮೆಯಾಗುತ್ತದೆ.

ಪ್ರತ್ಯೇಕ ಬ್ಯಾಂಕ್ ಖಾತೆ ಬೇಕೇ ಎಂದು ಕೇಳುವವರಿದ್ದಾರೆ. ದಾನ ಕೊಟ್ಟವರು ಒಪ್ಪಂದದಲ್ಲಿ ಕೇಳಿದ್ದರೆ ಬೇಕು. ಇಲ್ಲದಿದ್ದರೆ ಒಂದು ಉಳಿತಾಯ ಖಾತೆ, ಲೆಡ್ಜರಿನಲ್ಲಿ ಪ್ರತಿ ನಿಧಿಗೂ ಒಂದು ಪುಟ, ಜೊತೆಗೆ ಮೀಸಲಿನ ಠೇವಣಿಗಳು ಸಾಕು. ಐದು ಖಾತೆ ತೆರೆದು ನಾಲ್ಕರಲ್ಲಿ ಕನಿಷ್ಠ ಶಿಲ್ಕು ಇಲ್ಲದ್ದಕ್ಕೆ ದಂಡ ಕಟ್ಟುವುದಕ್ಕಿಂತ ಲೆಡ್ಜರ್ ಶಿಸ್ತು ಒಳ್ಳೆಯದು. ಅದಕ್ಕಿಂತ ದೊಡ್ಡ ತಲೆನೋವು ಕ್ಯುಆರ್ ಕೋಡ್. ನೀರಿನ ಘಟಕದ ಗೋಡೆಗೆ ಅಂಟಿಸಿದ ಕೋಡು ಆಪರೇಟರನದೋ ಖಜಾಂಚಿಯದೋ ಸ್ವಂತ ಖಾತೆಗೆ ಹೋಗುತ್ತಿದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಸಂಘದ ಪ್ಯಾನ್, ಸಂಘದ ಖಾತೆ, ಅದರ ಮೇಲೆಯೇ ಕೋಡ್.

ಎಷ್ಟು ತಿಂಗಳಿಗೆ?

ಮೂರರಿಂದ ಆರು ತಿಂಗಳ ಖರ್ಚು ಇರಲಿ ಎಂಬುದು ಎಲ್ಲರೂ ಹೇಳುವ ಅಳತೆ. ಶುರುವಿಗೆ ತಪ್ಪೇನಿಲ್ಲ. ನಮ್ಮ ಜಿಲ್ಲೆಗಳಲ್ಲಿ ಮಾತ್ರ ಅದು ಬಹಳ ಒರಟು ಲೆಕ್ಕ, ಏಕೆಂದರೆ ಇಲ್ಲಿ ದುಡ್ಡು ಬೆಳೆಯ ಹಿಂದೆ ಬರುತ್ತದೆ.

ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಮೇಯಿಂದ ಜುಲೈ. ವಂತಿಗೆ ಕೇಳಿದರೆ ಆಗ ಕೈ ಸಡಿಲ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಬೆಲೆ ಬಿದ್ದ ತಿಂಗಳು ಸದಸ್ಯತ್ವ ಶುಲ್ಕ ಬರುವುದು ಕಷ್ಟ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿನ ದರ ಏರಿದ ವಾರ ಮತ್ತು ರಸ್ತೆಗೆ ಸುರಿದ ವಾರ, ಎರಡರ ನಡುವೆ ದಾನಿಯ ಮನಸ್ಸು ಒಂದೇ ಆಗಿರುವುದಿಲ್ಲ. ಗಣೇಶ ಹಬ್ಬದಿಂದ ರಾಜ್ಯೋತ್ಸವದವರೆಗೆ ಊರಿನ ಜೇಬು ಪೆಂಡಾಲು ಮತ್ತು ಆರ್ಕೆಸ್ಟ್ರಾ ಕಡೆ ಇರುತ್ತದೆ, ಆಗ ಪಾಠದ ಮೇಷ್ಟ್ರ ಸಂಬಳಕ್ಕೆ ರಸೀದಿ ಪುಸ್ತಕ ಹಿಡಿದು ಹೋಗುವುದು ವ್ಯರ್ಥ. ನೀರಿನ ಘಟಕದ ವಸೂಲಿ ಬೇಸಿಗೆಯಲ್ಲಿ ಏರಿ ಮಳೆಗಾಲದಲ್ಲಿ ಇಳಿಯುತ್ತದೆ. ಸರ್ಕಾರಿ ಅನುದಾನ ಮಂಜೂರಾದರೂ ಬಹಳ ಸಲ ಬಿಡುಗಡೆಯಾಗುವುದು ಮಾರ್ಚ್ ಕೊನೆಯ ವಾರದಲ್ಲಿ.

ಹಾಗಾಗಿ ಹನ್ನೆರಡು ಕಾಲಮಿನ ಒಂದು ಹಾಳೆ ಮಾಡಿ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಕಳೆದ ಎರಡು ವರ್ಷದ ನಗದು ಪುಸ್ತಕ ನೋಡಿ ಪ್ರತಿ ತಿಂಗಳು ನಿಜಕ್ಕೂ ಕೈಗೆ ಬಂದದ್ದು, ನಿಜಕ್ಕೂ ಕೈಬಿಟ್ಟದ್ದು ಬರೆಯಿರಿ. ಷರತ್ತಿನ ಅನುದಾನ ಇದರಲ್ಲಿ ಬೇಡ. ಕೆಳಗಿನ ಸಾಲಿನಲ್ಲಿ ಕೂಡಿ ಕಳೆದು ಬರುವ ಶಿಲ್ಕು ಹಾಕುತ್ತ ಹೋದರೆ ಎಲ್ಲೋ ಒಂದು ಕಡೆ ಅದು ಅತಿ ತಳಕ್ಕಿಳಿಯುತ್ತದೆ. ನಮ್ಮ ಉದಾಹರಣೆಯ ಸಂಘಕ್ಕೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ನಾಲ್ಕು ತಿಂಗಳು, ತಿಂಗಳಿಗೆ 20,000ದಂತೆ ಕೊರತೆ ಬೀಳುತ್ತದೆ ಎನ್ನೋಣ. ಗುಂಡಿ 80,000 ಆಳ. ಇದು ಪ್ರತಿವರ್ಷ ಬರುವಂಥದ್ದು, ಆಪತ್ತು ಅನ್ನಿಸಿಕೊಳ್ಳುವುದಿಲ್ಲ. ಇದರ ಮೇಲೆ ನಿಜವಾದ ಆಪತ್ತಿಗೆ, ಅಂದರೆ ದೊಡ್ಡ ದಾನಿ ಕೈಬಿಟ್ಟರೆ ಕೆಲಸ ಕುಗ್ಗಿಸಿಕೊಳ್ಳಲು ಬೇಕಾಗುವ ಸಮಯಕ್ಕೆ, ಎರಡು ತಿಂಗಳ ಖರ್ಚು 90,000. ಒಟ್ಟು ಗುರಿ 1,70,000. ಮೂರು ತಿಂಗಳ ಒರಟು ಲೆಕ್ಕ ಹಿಡಿದಿದ್ದರೆ 1,35,000ಕ್ಕೆ ನಿಂತು, ಗುರಿ ಮುಟ್ಟಿದೆವು ಎಂದುಕೊಳ್ಳುತ್ತಿದ್ದರು. ದಸರಾ ಹೊತ್ತಿಗೆ ಮೇಷ್ಟ್ರಿಗೆ ಸಂಬಳ ಇರುತ್ತಿತ್ತು, ಆದರೆ ಆಪತ್ತಿಗೆಂದು ಇಟ್ಟದ್ದರಲ್ಲಿ ಅರ್ಧದ ಹತ್ತಿರ ಕರಗಿರುತ್ತಿತ್ತು.

ತಿಂಗಳ ಖರ್ಚು ಎಂದಾಗ ನಿಲ್ಲಿಸಲಾಗದ ಖರ್ಚನ್ನಷ್ಟೇ ಹಿಡಿಯಿರಿ: ಇಬ್ಬರು ಮೇಷ್ಟ್ರಿಗೆ 18,000, ಘಟಕದ ಆಪರೇಟರಿಗೆ 8,000, ಬಾಡಿಗೆ 6,000, ಕರೆಂಟ್ 7,000, ಫಿಲ್ಟರು ಮತ್ತು ರಾಸಾಯನಿಕಕ್ಕೆ 2,500, ಇಂಟರ್ನೆಟ್, ಮುದ್ರಣ, ಲೆಕ್ಕ ಬರೆಸುವುದಕ್ಕೆ 3,500. ಆ 45,000 ಹೀಗೆ ಬಂದದ್ದು. ವಾರ್ಷಿಕೋತ್ಸವದ ಶಾಲು, ಹಾರ, ಫ್ಲೆಕ್ಸ್ ಇದರಲ್ಲಿ ಬರಬಾರದು.

ಸವೆಯುವ ಯಂತ್ರಕ್ಕೆ ಬೇರೆ ನಿಧಿ

ಆಪತ್ತಿನ ಮೀಸಲು ಮತ್ತು ಬಿಡಿಭಾಗದ ನಿಧಿ ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಎರಡೂ ಉಳಿಯುವುದಿಲ್ಲ. ಆರ್‌ಒ ಘಟಕ (ಶುದ್ಧ ನೀರಿನ ಘಟಕ) ಕೆಟ್ಟು ನಿಂತು, ಬೀಗ ಜಡಿದುಕೊಂಡಿರುವ ಊರುಗಳಲ್ಲಿ ವಿಚಾರಿಸಿ ನೋಡಿ, ಬಹುಪಾಲು ಕಡೆ ಕಾರಣ ಇದೇ. ಕ್ಯಾನಿಗೆ 5 ರೂಪಾಯಿ ವಸೂಲಾಗಿರುತ್ತದೆ, ಕರೆಂಟು ಮತ್ತು ಆಪರೇಟರ್ ಕಳೆದು ಉಳಿದದ್ದು ಲಾಭ ಎಂದುಕೊಂಡು ಇನ್ನೆಲ್ಲಿಗೋ ಹೋಗಿರುತ್ತದೆ. ನೀರು ಸೋಸುವ ಪರದೆ, ಅಂದರೆ ಮೆಂಬ್ರೇನ್, ಕಟ್ಟಿಕೊಂಡ ದಿನ ಕೈಯಲ್ಲಿ ಏನೂ ಇರುವುದಿಲ್ಲ.

ಲೆಕ್ಕ ಸುಲಭ. ಬದಲಿಸುವ ಬೆಲೆಯನ್ನು ಬಾಳಿಕೆಯ ತಿಂಗಳುಗಳಿಂದ ಭಾಗಿಸಿ. ಗಂಟೆಗೆ 1,000 ಲೀಟರ್ ಘಟಕಕ್ಕೆ ನಾಲ್ಕು ಮೆಂಬ್ರೇನ್, ಒಂದಕ್ಕೆ 16,000 ಎಂದಿಟ್ಟುಕೊಂಡರೆ 64,000. ಬಾಳಿಕೆ 30 ತಿಂಗಳು ಎಂದರೆ ತಿಂಗಳಿಗೆ 2,133. ಹೈ ಪ್ರೆಶರ್ ಪಂಪ್ 60,000, 60 ತಿಂಗಳಿಗೆ, ತಿಂಗಳಿಗೆ 1,000. ಕೊಳವೆಬಾವಿ ಮೋಟಾರ್ 36,000, 36 ತಿಂಗಳಿಗೆ, ಇನ್ನೊಂದು 1,000. ಮರಳು ಮತ್ತು ಕಾರ್ಬನ್ ತುಂಬಿಸಲು ವರ್ಷಕ್ಕೆ 12,000, ಮತ್ತೂ 1,000. ಒಟ್ಟು 5,133. ದಿನಕ್ಕೆ 150 ಕ್ಯಾನ್, ತಿಂಗಳಿಗೆ 4,500 ಕ್ಯಾನ್ ಹೋದರೆ ಪ್ರತಿ ಕ್ಯಾನಿನ 5 ರೂಪಾಯಿಯಲ್ಲಿ 1 ರೂಪಾಯಿ 14 ಪೈಸೆ ಬಿಡಿಭಾಗದ್ದು. ನಿಮ್ಮ ಘಟಕದ ಬೆಲೆಗಳನ್ನು ರಿಪೇರಿಯವರಿಂದಲೇ ಬರೆಸಿಕೊಂಡು ಹಾಕಿ. ಮೂಲ ನೀರಿನಲ್ಲಿ ಟಿಡಿಎಸ್ (ಕರಗಿದ ಲವಣ) ಜಾಸ್ತಿಯಿದ್ದು, ಮರಳಿನ ಫಿಲ್ಟರನ್ನು ನೀರು ಹಿಂದಕ್ಕೆ ಹರಿಸಿ ತೊಳೆಯುವುದನ್ನು (ಬ್ಯಾಕ್‌ವಾಶ್) ಆಪರೇಟರ್ ಮರೆಯುತ್ತಿದ್ದರೆ 30 ತಿಂಗಳ ಮೆಂಬ್ರೇನ್ ಅದಕ್ಕೆ ಎಷ್ಟೋ ಮುಂಚೆ ಕೈಕೊಡುತ್ತದೆ. ಹಾಗಾದಾಗ ನಿಧಿಯ ಲೆಕ್ಕವೂ ಅಲ್ಲಿಗೇ ಮುಗಿಯಿತು.

ಬಿಡಿಭಾಗದ ಈ ಲೆಕ್ಕಕ್ಕೆ ಇನ್ನೊಂದು ಉಪಯೋಗವಿದೆ. ನೀರು ಮಾರಿದ್ದು ವರ್ಷಕ್ಕೆ 2,70,000, ಸಂಘದ ಒಟ್ಟು ಆದಾಯ 8,00,000 ಎಂದರೆ ಅದು ಶೇಕಡ 34ರ ಹತ್ತಿರ. ಸಾರ್ವಜನಿಕ ಉಪಯುಕ್ತತೆಯ ಉದ್ದೇಶದ ಸಂಸ್ಥೆಗಳು ವ್ಯಾಪಾರದ ಸ್ವರೂಪದ ಚಟುವಟಿಕೆಯಿಂದ ಪಡೆಯುವ ಮೊತ್ತ ಒಟ್ಟು ಸ್ವೀಕೃತಿಯ ಶೇಕಡ 20 ದಾಟಿದರೆ ಆದಾಯ ತೆರಿಗೆ ವಿನಾಯಿತಿಗೆ ಕುತ್ತು. ವೆಚ್ಚದಷ್ಟೇ ಅಥವಾ ಅದಕ್ಕಿಂತ ಅಲ್ಪ ಹೆಚ್ಚು ಶುಲ್ಕ ತೆಗೆದುಕೊಳ್ಳುವುದು ವ್ಯಾಪಾರವಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಾಗಿ ಆಪರೇಟರ್ 8,000, ಘಟಕದ ಕರೆಂಟ್ 6,500, ಫಿಲ್ಟರ್ 2,500, ಬಿಡಿಭಾಗ 5,133, ಒಟ್ಟು 22,133 ವೆಚ್ಚಕ್ಕೆ 22,500 ವಸೂಲಿ ಎಂದು ಬರೆದು ತೋರಿಸಲು ಬರಬೇಕು. ಬಿಡಿಭಾಗದ ಸಾಲು ಬಿಟ್ಟರೆ ಅದೇ ಘಟಕ ತಿಂಗಳಿಗೆ 5,500 ಲಾಭ ಮಾಡುತ್ತಿರುವಂತೆ ಕಾಣುತ್ತದೆ.

ತೆರಿಗೆ ಮತ್ತು ಉಳಿತಾಯ

ಧರ್ಮಾರ್ಥ ಸಂಸ್ಥೆ ದುಡ್ಡು ಉಳಿಸಬಾರದು ಎಂಬ ಮಾತು ಎಷ್ಟು ಹಬ್ಬಿದೆಯೆಂದರೆ, ಮಾರ್ಚ್ ಬಂತೆಂದರೆ ಸಂಘಗಳು ಬೇಡದ ಕುರ್ಚಿ, ಮೈಕ್ ಸೆಟ್ ಕೊಳ್ಳಲು ಶುರುಮಾಡುತ್ತವೆ. ಕಾನೂನು ಹಾಗೆ ಹೇಳುವುದಿಲ್ಲ. ತೆರಿಗೆ ವಿನಾಯಿತಿಗೆ ನೋಂದಾಯಿಸಿಕೊಂಡ ಸಂಸ್ಥೆ ವರ್ಷದ ಆದಾಯದಲ್ಲಿ ಶೇಕಡ 85ನ್ನು ಉದ್ದೇಶಕ್ಕೆ ಬಳಸಬೇಕು, ಶೇಕಡ 15ನ್ನು ಯಾವ ಅರ್ಜಿಯೂ ಇಲ್ಲದೆ ಉಳಿಸಿಕೊಳ್ಳಬಹುದು. 8,00,000 ಆದಾಯಕ್ಕೆ ಅದು 1,20,000. ಮೂಲಧನವೆಂದು ಲಿಖಿತವಾಗಿ ಬಂದ ದಾನ ಈ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಅದನ್ನು ಕಾನೂನು ಒಪ್ಪುವ ಹೂಡಿಕೆಯಲ್ಲೇ, ಬೇರೆಯಾಗಿ ಗುರುತಿಸಿ ಇಡಬೇಕು. ದಾನಿ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ರಸೀದಿಯಲ್ಲೋ ಪತ್ರದಲ್ಲೋ ಇರಬೇಕು.

ಸಂಘ ವರ್ಷದಲ್ಲಿ 6,20,000 ಮಾತ್ರ ಖರ್ಚು ಮಾಡಿದೆ ಎನ್ನಿ. ಬಳಸಬೇಕಿದ್ದದ್ದು 6,80,000, ಕೊರತೆ 60,000. ಆ 60,000ಕ್ಕೆ ತೆರಿಗೆ ಬೀಳಬಾರದೆಂದರೆ ನಿರ್ದಿಷ್ಟ ಕೆಲಸಕ್ಕೆ ಎತ್ತಿಡುತ್ತೇವೆ ಎಂದು ಸಮಿತಿ ನಿರ್ಣಯ ಮಾಡಿ, ಇಲಾಖೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಆಡಿಟರುಗಳ ಬಾಯಲ್ಲಿ ಅದು ಇಷ್ಟು ವರ್ಷ ಫಾರಂ 10. ಗರಿಷ್ಠ 5 ವರ್ಷ. ಉದ್ದೇಶದ ಜಾಗದಲ್ಲಿ "ಸಂಘದ ಧ್ಯೇಯೋದ್ದೇಶಗಳಿಗಾಗಿ" ಎಂದು ಬರೆದು ಕಳಿಸುವವರೇ ಹೆಚ್ಚು, ತಕರಾರು ಹುಟ್ಟುವುದೂ ಅಲ್ಲೇ. "ನೀರಿನ ಘಟಕದ ಮೆಂಬ್ರೇನ್ ಮತ್ತು ಪಂಪ್ ಬದಲಾವಣೆ" ಎಂದು ಬರೆಯಿರಿ. ಇಟ್ಟ ಹಣವನ್ನು ಅದಕ್ಕೇ ಬಳಸಿ.

ಖಜಾಂಚಿಗಳು ಎಡವುವ ಇನ್ನೆರಡು ಜಾಗಗಳಿವೆ. ಉಳಿತಾಯ ಖಾತೆಯಿಂದ ಮೀಸಲು ಠೇವಣಿಗೆ ವರ್ಗಾಯಿಸಿದ್ದನ್ನು ಖರ್ಚಿನ ಪಟ್ಟಿಗೆ ಸೇರಿಸುವುದು ಒಂದು. ಪುಸ್ತಕದಲ್ಲಿ ನಿಧಿಯ ಹೆಸರು ಬದಲಾದ ಮಾತ್ರಕ್ಕೆ ಹಣ ಬಳಕೆಯಾದಂತಾಗದು. ಶೇಕಡ 85ರ ಲೆಕ್ಕಕ್ಕೆ ಬರುವುದು ಹಣ ಹೊರಗೆ ಹೋದಾಗ. ಮಾರ್ಚ್‌ನದಾಗಿದ್ದು ಏಪ್ರಿಲ್‌ನಲ್ಲಿ ಕೊಟ್ಟ ಸಂಬಳವೂ ಕೊಟ್ಟ ವರ್ಷಕ್ಕೇ ಸೇರುತ್ತದೆ. ಎರಡನೆಯದು, ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಬಳಕೆ ಎಂದು ಒಪ್ಪುವುದಿಲ್ಲ. ಬೋರ್‌ವೆಲ್ ರಿಪೇರಿಯವರು ನಗದೇ ಕೇಳುತ್ತಾರೆ, ಚೆಕ್ಕೋ ಯುಪಿಐಯೋ ಮಾಡಿ ಕೊಡಿ.

1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. 85 ಮತ್ತು 15ರ ತಿರುಳು ಹಾಗೇ ಇದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಹಳೆಯ ನಿರ್ಣಯದ ಮಾದರಿಯನ್ನು ಹಾಗೇ ನಕಲು ಮಾಡದೆ ಈಗಿನ ಸೆಕ್ಷನ್ ಮತ್ತು ಫಾರಂ ಯಾವುದೆಂದು ಆಡಿಟರ್ ಹತ್ತಿರ ಕೇಳಿಕೊಂಡು ಬರೆಯಿರಿ. ಹಾಗೆ ಕೇಳುವುದೂ ಮಾರ್ಚ್‌ಗೆ ಮುಂಚೆಯೇ ಆಗಲಿ. ಸೆಪ್ಟೆಂಬರಿನಲ್ಲಿ ಚೀಲದ ತುಂಬ ವೋಚರ್ ಹೊತ್ತುಕೊಂಡು ಹೋದರೆ ಆಡಿಟರ್ ಮಾಡುವುದು ಅಷ್ಟರಲ್ಲೇ ಇರುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಅಮೆರಿಕದಲ್ಲಿರುವ ಊರಿನ ಹುಡುಗ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ದಾನ ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ವಿದೇಶಿ ದೇಣಿಗೆಯೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಪಾಸ್‌ಪೋರ್ಟ್ ಪ್ರತಿ ಕೇಳಲು ಸಂಕೋಚ ಬೇಡ.

ಎಲ್ಲಿ ಇಡುವುದು, ಎಲ್ಲಿ ಇಡಬಾರದು

1,70,000ವನ್ನು ಒಂದೇ ಠೇವಣಿಯಾಗಿ ಇಟ್ಟರೆ 30,000 ಬೇಕಾದ ದಿನವೂ ಇಡೀ ಠೇವಣಿ ಮುರಿಯಬೇಕು, ಬಡ್ಡಿಯಲ್ಲಿ ದಂಡ ಇಡೀ ಮೊತ್ತಕ್ಕೆ. 45,000ದ ಮೂರು ಠೇವಣಿ ಮಾಡಿ, ನಾಲ್ಕು ತಿಂಗಳ ಅಂತರದಲ್ಲಿ ಒಂದೊಂದು ಮಾಗುವಂತೆ ಇಡಿ. ಉಳಿದ 35,000 ಉಳಿತಾಯ ಖಾತೆಯಲ್ಲಿರಲಿ. ಹಬ್ಬದ ತಿಂಗಳುಗಳ ಕೊರತೆಗೆ ಮುಂಚೆ, ಅಂದರೆ ಜುಲೈ ಕೊನೆಗೆ, ಒಂದು ಮಾಗಿದರೆ ಇನ್ನೂ ಒಳ್ಳೆಯದು.

ನಮ್ಮ ಪೇಟೆಗಳಲ್ಲಿ ರಸ್ತೆಗೊಂದು ಸೌಹಾರ್ದ ಪತ್ತಿನ ಸಹಕಾರಿ ಇದೆ. ಬ್ಯಾಂಕಿಗಿಂತ ಬಡ್ಡಿ ಹೆಚ್ಚು, ನಿರ್ದೇಶಕರು ಪರಿಚಯದವರು, ಮನೆಗೇ ಬಂದು ಠೇವಣಿ ಕೇಳುತ್ತಾರೆ. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕಿನದ್ದೂ ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆಯಿದೆ; 2020ರ ಫೆಬ್ರವರಿ 4ರಿಂದ ಈ ಮಿತಿ. ಪತ್ತಿನ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ನಡೆಸುವವರು ಎಷ್ಟೇ ಒಳ್ಳೆಯವರಿದ್ದರೂ, ಊರವರ ದುಡ್ಡನ್ನು ವಿಮೆಯಿಲ್ಲದ ಕಡೆ ಇಡುವ ಹಕ್ಕು ಖಜಾಂಚಿಗಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಚೀಟಿಯಂತೂ ಬೇಡವೇ ಬೇಡ. ತೆರಿಗೆ ಕಾಯ್ದೆ ಒಪ್ಪುವ ಹೂಡಿಕೆಗಳ ಪಟ್ಟಿಯಲ್ಲಿ ಅದಿಲ್ಲ.

ಕೈಗಡ ಇನ್ನೂ ಅಪಾಯದ್ದು. ಅಧ್ಯಕ್ಷರ ಮನೆ ಮದುವೆಗೆ "ಒಂದು ತಿಂಗಳು" ಎಂದು ಕೊಟ್ಟ 50,000 ವಾಪಸ್ ಬಂದರೂ, ಪದಾಧಿಕಾರಿಗೆ ಬಡ್ಡಿ, ಭದ್ರತೆ ಇಲ್ಲದೆ ಸಾಲ ಕೊಟ್ಟದ್ದು ತೆರಿಗೆ ವಿನಾಯಿತಿಯನ್ನೇ ಕೆಡಿಸಬಹುದು. ಸದಸ್ಯರಿಗೆ ಸಾಲ ಕೊಡುವುದು ಸ್ವಸಹಾಯ ಸಂಘದ ಕೆಲಸ, ಅದರ ಕಟ್ಟಳೆಯೇ ಬೇರೆ.

ಮತ್ತೆ ಭವನಕ್ಕೆ ಬರೋಣ. ಮೀಸಲಿನಿಂದ ಪಾಯ ಹಾಕಿ, ಮಿಕ್ಕದ್ದು ಸಂಸದರ ನಿಧಿಯಿಂದಲೋ ಶಾಸಕರ ನಿಧಿಯಿಂದಲೋ ಬರುತ್ತದೆ ಎಂದು ನಂಬಿ ಲಿಂಟಲ್ ಮಟ್ಟಕ್ಕೆ ನಿಂತ ಕಟ್ಟಡಗಳು ನಮ್ಮ ಜಿಲ್ಲೆಗಳಲ್ಲಿ ಸಿಗುತ್ತವೆ. ಬಂದರೂ ಆ ನಿಧಿಗಳು ಕಟ್ಟಡಕ್ಕೆ, ಕಸ ಗುಡಿಸುವವರ ಸಂಬಳಕ್ಕಲ್ಲ. ಭವನ ಬೇಕೆಂದರೆ ಭವನದ ಹೆಸರಿನಲ್ಲೇ ಬೇರೆ ನಿಧಿ, ಬೇರೆ ರಸೀದಿ ಪುಸ್ತಕ.

ತೆಗೆಯುವ ನಿಯಮ

ಮೀಸಲು ಇಡುವುದಕ್ಕಿಂತ ಅದನ್ನು ಯಾವಾಗ ಮುಟ್ಟಬಹುದು ಎಂದು ಬರೆದಿಡುವುದು ಕಷ್ಟ. ನಡವಳಿ ಪುಸ್ತಕಕ್ಕೆ ಈ ರೀತಿಯ ನಿರ್ಣಯ ಸಾಕು:

"ಸಂಘದ ಮೀಸಲು ನಿಧಿಯ ಗುರಿ 1,70,000 ರೂಪಾಯಿ. ಸಂಬಳ, ಬಾಡಿಗೆ, ವಿದ್ಯುತ್ ಬಿಲ್ ಪಾವತಿಗೆ ಆದಾಯ ಸಾಲದ ತಿಂಗಳಲ್ಲಿ ಮಾತ್ರ ಇದನ್ನು ಬಳಸುವುದು. 20,000ದವರೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಸಹಿ ಮಾಡಿ ತೆಗೆದು ಮುಂದಿನ ಸಭೆಗೆ ವರದಿ ಮಾಡುವುದು. ಅದಕ್ಕಿಂತ ಹೆಚ್ಚಿಗೆ ಸಮಿತಿಯ ಪೂರ್ವಾನುಮತಿ ಪಡೆಯುವುದು. ತೆಗೆದ ಮೊತ್ತವನ್ನು 12 ತಿಂಗಳೊಳಗೆ ತುಂಬುವ ಯೋಜನೆಯನ್ನು ಅದೇ ಸಭೆಯಲ್ಲಿ ದಾಖಲಿಸುವುದು. ಹೊಸ ಕಾರ್ಯಕ್ರಮ, ಕಟ್ಟಡ, ಸಾಲ, ದೇಣಿಗೆಗೆ ಈ ನಿಧಿಯನ್ನು ಬಳಸತಕ್ಕದ್ದಲ್ಲ."

ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಇದನ್ನು ಓದಿ ಒಪ್ಪಿಗೆ ಪಡೆಯಿರಿ. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಆಸ್ತಿ ಹೊಣೆ ಪಟ್ಟಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಸತತವಾಗಿ ಬಿಟ್ಟ ಸಂಘಗಳಿಗೆ ಪೆಟ್ಟು ಬೀಳುವುದು ಅನಿರೀಕ್ಷಿತ ಕಡೆ: ಹೊಸ ಸಮಿತಿ ಬಂದಾಗ ಸಹಿದಾರರನ್ನು ಬದಲಿಸಲು ಬ್ಯಾಂಕಿನವರು ನಿರ್ಣಯದ ಜೊತೆ ನೋಂದಣಾಧಿಕಾರಿಗೆ ಸಲ್ಲಿಸಿದ ಪಟ್ಟಿಯನ್ನೂ ಕೇಳುತ್ತಾರೆ. ಅದಿಲ್ಲವೆಂದರೆ ಮೀಸಲು ಎಷ್ಟಿದ್ದರೂ ತೆಗೆಯಲು ಬರುವುದಿಲ್ಲ, ಅದೂ ಜಗಳ, ಕೊರತೆ ಎರಡೂ ಇರುವ ತಿಂಗಳಲ್ಲಿ.

ತುಂಬಿಸುವುದು ನಿಧಾನ. ನಮ್ಮ ಸಂಘಕ್ಕೆ ಕಮ್ಮಿ ಬಿದ್ದಿರುವುದು 37,000. ತಿಂಗಳಿಗೆ 3,000 ಎತ್ತಿಟ್ಟರೆ ಹದಿಮೂರನೇ ತಿಂಗಳಿಗೆ ಗುರಿ ದಾಟುತ್ತದೆ. ಮಾವಿನ ತಿಂಗಳುಗಳಲ್ಲಿ 6,000, ಹಬ್ಬದ ತಿಂಗಳುಗಳಲ್ಲಿ ಸೊನ್ನೆ ಎಂದರೂ ನಡೆಯುತ್ತದೆ. ಆ 3,000 ಎಲ್ಲಿಂದ ಎಂದರೆ, ಬಹುಪಾಲು ಯೋಜನಾ ಅನುದಾನದ ಬಜೆಟ್‌ನಿಂದ. ಟೈಲರಿಂಗ್ ಯೋಜನೆ ಸಂಘದ ಕೋಣೆ, ಕರೆಂಟ್, ಲೆಕ್ಕಿಗರ ಸಮಯ ಬಳಸುತ್ತದೆ. ಕೋಣೆಯ ಅರ್ಧ ದಿನ ಅದಕ್ಕೆ ಹೋಗುತ್ತಿದ್ದರೆ 6,000 ಬಾಡಿಗೆಯಲ್ಲಿ 3,000 ಆ ಯೋಜನೆಯದ್ದೇ. ಅರ್ಜಿ ಬರೆಯುವಾಗ ಬಟ್ಟೆ, ಮೆಷಿನ್, ತರಬೇತುದಾರರ ಗೌರವಧನ ಅಷ್ಟೇ ಹಾಕಿ ಬಾಡಿಗೆ ಸಾಲು ಬಿಟ್ಟ ಸಂಘ ಕಂಪನಿಯ ಯೋಜನೆಗೆ ಊರಿನ ವಂತಿಗೆಯಿಂದ ಬಾಡಿಗೆ ಕಟ್ಟುತ್ತಿರುತ್ತದೆ. ಮುಂದಿನ ಅರ್ಜಿಯಲ್ಲಿ ಆ ಸಾಲು ಸೇರಿಸಿ. ಕೊಡುವವರು ಪ್ರಶ್ನೆ ಕೇಳಿದರೆ ಬಾಡಿಗೆ ಕರಾರಿನ ಪ್ರತಿ, ಕೋಣೆ ಬಳಕೆಯ ವೇಳಾಪಟ್ಟಿ ಎರಡನ್ನೂ ಲಗತ್ತಿಸಿ.